ನಾಯಿಯ ಉಗುರು

ಈ ಪತ್ರಿಕೆಯ ಓದುಗ ಬಂಧುಗಳು ನನ್ನ ಲೇಖನಿಯಿಂದ ಶಬ್ದಗಳ ವ್ಯುತ್ಪತ್ತಿಯನ್ನೋ ತಾಳೆಗರಿಯ ಪಾಠಾಂತರಗಳನ್ನೋ ನಿರೀಕ್ಷಿಸುವುದು ಸಹಜ. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದ ವಿಷಯ ಯಾವುದೆಂದು ಯಾರಾದರೂ ಕೇಳಿದರೆ, ನಾಯಿಯ ಉಗುರು ಎಂದೇ ಉತ್ತರಿಸಬೇಕಾಗುತ್ತದೆ. ನಗುವವರು ನಗಲಿ. ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ ಈಗ ಎರಡು ಮೂರು ಮನೆಗೊಂದರಂತೆ ನಾಯಿ ಕಾಣುತ್ತದೆ. ಅದಕ್ಕೆ ಹೊತ್ತುಹೊತ್ತಿಗೆ ಅನ್ನ ಹಾಕುವವರು, ಸ್ನಾನ ಮಾಡಿಸುವವರು, ಹೆಸರಿಟ್ಟು ಮುದ್ದಿಸುವವರು ಉಂಟು. ಅದರ ಪಾದವನ್ನು ಎತ್ತಿ ನೋಡಿದವರು ವಿರಳ. ಆದಕಾರಣ ಈ ಬರಹ.

ವ್ಯಾಕರಣ ಓದಿದವನಿಗೂ ನಾಯಿಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಮಠದ ಪಾಠಶಾಲೆಯಲ್ಲಿ ನಮಗೆ ಪಾಠ ಹೇಳಿದ ಗುರುಗಳು, ಪಾಣಿನಿಯು ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು ಒಂದೇ ಸೂತ್ರದಲ್ಲಿ ಕಟ್ಟಿಹಾಕಿರುವುದನ್ನು ತೋರಿಸಿ, ನಾಯಿ, ತರುಣ, ದೇವೇಂದ್ರ ಈ ಮೂವರೂ ವ್ಯಾಕರಣದ ಮುಂದೆ ಸಮಾನರು ಎಂದು ನಗಿಸುತ್ತಿದ್ದರು. ಆಗ ತರುಣರಾಗಿದ್ದ ನಾವು ದೇವೇಂದ್ರನ ಪಕ್ಕದಲ್ಲಿ ನಿಂತ ಹೆಮ್ಮೆಯಲ್ಲಿದ್ದೆವು. ಇನ್ನೊಂದು ಪಕ್ಕದಲ್ಲಿ ನಿಂತವನ ಪರಿಚಯ ನನಗಾದದ್ದು ಅರವತ್ತು ದಾಟಿದ ಮೇಲೆ.

ಹಳ್ಳಿಯ ನಾಯಿಗೆ ಯಾರೂ ಉಗುರು ಕತ್ತರಿಸುವುದಿಲ್ಲ. ಕತ್ತರಿಸಬೇಕಾದ ಪ್ರಸಂಗವೂ ಬಾರದು. ಹೊಲದ ಬದು, ಕಲ್ಲುದಾರಿ, ಗರಸು ಮಣ್ಣು ಇವುಗಳೇ ಅದರ ಅರ. ದಿನಕ್ಕೆ ಹತ್ತಾರು ಸಲ ಓಡಿ, ನೆಲ ಕೆದರಿ, ಉಗುರು ಬೆಳೆದಷ್ಟೂ ಸವೆಯುತ್ತದೆ. ಧರ್ಮರಾಜನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಗೂ ಹಿಮಾಲಯದ ಬಂಡೆಗಳಿದ್ದುವಲ್ಲ! ನುಣುಪು ಗ್ರಾನೈಟಿನ ನೆಲ, ಹತ್ತು ಹೆಜ್ಜೆಯ ಅಂಗಳ, ಸಂಜೆಯ ಅರ್ಧ ತಾಸಿನ ತಿರುಗಾಟ, ಇಷ್ಟೇ ಪ್ರಪಂಚವಾದ ನಾಯಿಗೆ ಆ ಅನುಕೂಲವಿಲ್ಲ.

ನಮ್ಮ ಮನೆಯ ಕಾಳ ಹುಟ್ಟಿದ್ದು ಮುಧೋಳ ತಾಲೂಕಿನಲ್ಲಿ, ನನ್ನ ತಮ್ಮನ ತೋಟದಲ್ಲಿ. ಮುಧೋಳದ ಬೇಟೆನಾಯಿಗಳ ಕೀರ್ತಿ ಓದುಗರಿಗೆ ತಿಳಿಯದ್ದಲ್ಲ. 2005ರಲ್ಲಿ ಅಂಚೆ ಇಲಾಖೆಯು ದೇಶೀ ನಾಯಿತಳಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳದ್ದೂ ಒಂದಾಗಿತ್ತು. ಮುಧೋಳಕ್ಕೆ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಕಾಳನ ತಾಯಿ ಆ ತಳಿಯವಳು, ತಂದೆ ಯಾವ ಊರಿನವನೋ. ತಾಯಿಯಿಂದ ಉದ್ದ ಕಾಲು, ಒಳಸೇರಿದ ಹೊಟ್ಟೆ ಬಂದುವು. ತಂದೆಯಿಂದ ಮೈಯ ಕಪ್ಪು, ಅದಕ್ಕೆ ತಕ್ಕ ಕಪ್ಪು ಉಗುರು. ಈ ಕಪ್ಪು ಉಗುರೇ ಮುಂದೆ ನಮ್ಮನ್ನು ಬಹಳ ಕಾಡಿತು.

2021ರ ಬೇಸಗೆಯಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ತಮ್ಮ ತೀರಿಕೊಂಡ. ತೋಟವನ್ನು ಪಾಲಿಗೆ ಕೊಟ್ಟು ಅವನ ಮಡದಿ ಮಗಳ ಮನೆ ಸೇರಿದಳು. ಮೂರನೆಯ ಅಂತಸ್ತಿನ ಆ ಮನೆಯಲ್ಲಿ ನಾಯಿಗೆ ಅವಕಾಶವಿರಲಿಲ್ಲ. 7 ವರ್ಷದ ಕಾಳನನ್ನು ಧಾರವಾಡಕ್ಕೆ ತಂದು ನಮ್ಮ ಬಾಗಿಲಲ್ಲಿ ಕಟ್ಟಿ, "ಇವನೊಬ್ಬನನ್ನ ನೋಡಿಕೋರಿ" ಎಂದಷ್ಟೇ ಹೇಳಿ ಹೋದಳು. ಅವಳು ಬೇರೇನನ್ನೂ ಕೇಳಲಿಲ್ಲ. ಆ ಒಂದು ಮಾತಿನ ತೂಕ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಕಾಳ ಪಡಸಾಲೆಯಲ್ಲಿ ಜಾರತೊಡಗಿದ. ಎದ್ದು ನಿಲ್ಲುವಾಗ ಹಿಂಗಾಲು ಅಗಲವಾಗಿ ಸರಿಯುವುದು, ತಿರುವಿನಲ್ಲಿ ಬೀಳುವುದು. ಮೆಟ್ಟಿಲ ಹತ್ತಿರ ಬಂದು ನಿಂತುಬಿಡುವನು. ವಯಸ್ಸಾಯಿತು ಎಂದರು ಎಲ್ಲರೂ. ನನ್ನ ಮಡದಿ ಮಾತ್ರ ಅಡಿಗೆಮನೆಯಿಂದಲೇ ಒಂದು ವಿಶೇಷ ಕಂಡುಹಿಡಿದಳು: ಕಾಳ ನಡೆದರೆ ಯಾರೋ ಗೋಡೆಗೆ ಮೊಳೆ ಬಡಿದಂತೆ ಟಕಟಕ ಸದ್ದು. ಆ ಸದ್ದೇ ರೋಗದ ಲಕ್ಷಣ. ನಾಯಿ ಸಮನೆಲದಲ್ಲಿ ನಿಂತಾಗ ಅದರ ಉಗುರು ನೆಲಕ್ಕೆ ತಾಗಬಾರದು. ನಾಯಿ ಅಂಗಾಲೂರಿ ನಡೆಯುವ ಪ್ರಾಣಿಯಲ್ಲ, ಬೆರಳೂರಿ ನಡೆಯುವ ಪ್ರಾಣಿ. ಬೆಕ್ಕಿನಂತೆ ಉಗುರನ್ನು ಒಳಗೆಳೆದುಕೊಳ್ಳಲು ಬಾರದು. ಉಗುರು ಉದ್ದವಾದರೆ ಪ್ರತಿ ಹೆಜ್ಜೆಗೂ ನೆಲ ಅದನ್ನು ಹಿಂದಕ್ಕೆ ಒತ್ತುತ್ತದೆ, ಬೆರಳು ಮೇಲೇಳುತ್ತದೆ, ಹಿಡಿತ ಕೊಡಬೇಕಾದ ಮೆತ್ತನೆಯ ಗದ್ದುಗೆ ನೆಲಕ್ಕೆ ಸರಿಯಾಗಿ ಕೂಡುವುದಿಲ್ಲ. ಮುದಿ ನಾಯಿಯ ಸಂದುಗಳಿಗೆ ಇದು ನೋವಿನ ಮೇಲೆ ನೋವು. ಅದು ತಾನಾಗಿ ಹೇಳಲಾರದು; ನಡೆಯುವುದನ್ನು ಕಡಿಮೆ ಮಾಡುತ್ತದೆ, ನಡೆಯದಿದ್ದರೆ ಉಗುರು ಮತ್ತಷ್ಟು ಬೆಳೆಯುತ್ತದೆ.

ಮಗ ಅವನನ್ನು ನಗರದ ಒಂದು ಅಂಗಡಿಗೆ ಕರೆದೊಯ್ದ. ಅಲ್ಲಿಯವರು ಬಾಯಿಗೆ ಪಟ್ಟಿ ಬಿಗಿದು, ಇಬ್ಬರು ಅದುಮಿ ಹಿಡಿದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಹೊರಟರು. ಮೂರು ಉಗುರುಗಳಲ್ಲಿ ರಕ್ತ ಬಂತು. ಕಾಳ ಒದ್ದಾಡಿದ್ದರಿಂದ ಮುಂಗಾಲಿನ ಒಳಬದಿಯ ಎರಡು ಉಗುರುಗಳನ್ನು ಹಾಗೆಯೇ ಬಿಟ್ಟು ಕಳಿಸಿದರು. ಅಂದಿನಿಂದ ಕತ್ತರಿ ಹೋಗಲಿ, ಚಮಚದ ಸದ್ದಾದರೂ ಮಂಚದ ಕೆಳಗೆ ಸೇರುತ್ತಿದ್ದ. ಪಾದ ಮುಟ್ಟಿದರೆ ಗುರುಗುಟ್ಟುತ್ತಿದ್ದ. ಅದುವರೆಗೆ ಎಂದೂ ಯಾರಿಗೂ ಹಲ್ಲು ತೋರಿಸದ ನಾಯಿ! ಮೊಮ್ಮಗ ತೆವಳುವ ವಯಸ್ಸಿನವನಾಗಿದ್ದುದರಿಂದ ಮನೆಯಲ್ಲಿ ಆತಂಕ ಹುಟ್ಟಿತು. ಕಾಳನನ್ನು ತೋಟಕ್ಕೇ ಬಿಟ್ಟುಬರೋಣ ಎಂಬ ಮಾತೂ ಒಂದು ರಾತ್ರಿ ಊಟದ ಹೊತ್ತಿಗೆ ಬಂತು. ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ಒಳಬದಿಯ ಉಗುರಿನ ವಿಚಾರ ಹೇಳಬೇಕು. ನಾಯಿಗೆ ಸಾಮಾನ್ಯವಾಗಿ 18 ಉಗುರುಗಳು: ನಾಲ್ಕು ಪಾದಗಳಲ್ಲಿ ನಾಲ್ಕು ನಾಲ್ಕರಂತೆ 16, ಮುಂಗಾಲುಗಳ ಒಳಮಗ್ಗುಲಲ್ಲಿ ಮೇಲೆ ಒಂದೊಂದು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲಿಯೂ ಅಂಥವು ಇರುತ್ತವೆ. ಇದು ನಮ್ಮ ಹೆಬ್ಬೆರಳಿನ ಸ್ಥಾನದ್ದು. ನಡೆಯುವಾಗ ನೆಲ ಮುಟ್ಟದು, ಮುಟ್ಟದ್ದರಿಂದ ಸವೆಯದು. ಯಾರೂ ನೋಡದೆ ಬಿಟ್ಟರೆ ಬಳೆಯಂತೆ ಸುತ್ತಿ ತನ್ನದೇ ಮಾಂಸದೊಳಗೆ ಇಳಿಯುತ್ತದೆ. ಕೂದಲು ದಟ್ಟವಾಗಿರುವ ನಾಯಿಗಳಲ್ಲಿ ಕೀವಾಗಿ ವಾಸನೆ ಬರುವವರೆಗೂ ಎಷ್ಟೋ ಮನೆಗಳಲ್ಲಿ ತಿಳಿಯುವುದಿಲ್ಲವಂತೆ. ಕಾಳನ ಎಡಗಾಲಿನ ಆ ಉಗುರು ಮುಕ್ಕಾಲು ಸುತ್ತು ಸುತ್ತಿತ್ತು.

ಪಶುವೈದ್ಯರು ಸಾವಧಾನದ ಮನುಷ್ಯರು. ಕಾಳನ ಎದೆಯನ್ನು ಬಹಳ ಹೊತ್ತು ಆಲಿಸಿದರು. ಹೃದಯದಲ್ಲಿ ಮರ್ಮರಧ್ವನಿ ಇದೆಯೆಂದರು. "ಮಂಪರು ಬರಿಸಿ ಕತ್ತರಿಸಬಹುದು. ಆದರೆ ಈ ವಯಸ್ಸಿಗೆ, ಈ ಹೃದಯಕ್ಕೆ, ಅಪಾಯವಿಲ್ಲವೆಂದು ನಾನು ಹೇಳಲಾರೆ. ಉಗುರಿನ ತುದಿಗೂ ಚರ್ಮಕ್ಕೂ ಇನ್ನೂ ಕಡಲೆಕಾಳಿನಷ್ಟು ಅಂತರವಿದೆ. ಹೆಚ್ಚೆಂದರೆ ಒಂದು ತಿಂಗಳು. ಅಷ್ಟರೊಳಗೆ ಅವನು ನಿಮ್ಮ ಕೈಯಲ್ಲಿ ಕಾಲು ಕೊಡುವಂತೆ ಮಾಡಿ. ಕುಂಟಿದರೆ, ಚರ್ಮ ಕೆಂಪಾದರೆ, ಅಂದೇ ಕರೆತನ್ನಿ" ಎಂದರು. ಇಷ್ಟು ಸ್ಪಷ್ಟವಾಗಿ ಅವಧಿ ಗೊತ್ತುಪಡಿಸಿದ ಪರೀಕ್ಷೆಗೆ ನಾನು ವಿದ್ಯಾರ್ಥಿದೆಶೆಯಲ್ಲಿಯೂ ಕುಳಿತಿರಲಿಲ್ಲ.

ಇಲ್ಲಿ ಉಗುರಿನ ಒಳರಚನೆ ತಿಳಿಯುವುದು ಅವಶ್ಯ. ನಾಯಿಯ ಉಗುರು ಬೆರಳಿನ ಕೊನೆಯ ಎಲುಬನ್ನು ಕವಚದಂತೆ ಸುತ್ತಿ ಬೆಳೆಯುತ್ತದೆ. ಹೊರಗೆ ಕೆರಟಿನ್ ಎಂಬ ದ್ರವ್ಯ. ಕೋಡು, ಗೊರಸು, ನಮ್ಮ ಕೂದಲು ಎಲ್ಲವೂ ಅದೇ. ಅದಕ್ಕೆ ನೋವಿಲ್ಲ. ಒಳಗೆ ರಕ್ತನಾಳ ಮತ್ತು ನರಗಳಿರುವ ಮೃದು ಭಾಗ. ಅದನ್ನು ಕತ್ತರಿಸಿದರೆ ರಕ್ತವೂ ನೋವೂ ಹೆಚ್ಚು. ಇಂಗ್ಲಿಷಿನವರು ಈ ಭಾಗವನ್ನು ಕ್ವಿಕ್ ಎನ್ನುತ್ತಾರೆ. ಆ ಶಬ್ದಕ್ಕೆ ಬೇಗ ಎಂಬ ಅರ್ಥ ಅನಂತರ ಬಂದದ್ದು. ಹಳೆಯ ಅರ್ಥ ಸಜೀವ, ಜೀವಂತ ಎಂದು. ಭಾಷಾವಿದರು ಅದನ್ನು ಸಂಸ್ಕೃತದ ಜೀವ ಶಬ್ದದ ಸೋದರವೆಂದೇ ಗುರುತಿಸಿದ್ದಾರೆ. ಎರಡಕ್ಕೂ ಮೂಲ ಒಂದೇ. ಇದು ನೆನಪಾದದ್ದೇ ತಡ, ನಮ್ಮ ಮನೆಯಲ್ಲಿ ಅದಕ್ಕೆ "ಜೀವ" ಎಂದೇ ಹೆಸರಾಯಿತು. "ಜೀವ ಎಲ್ಲಿದೆ ನೋಡಿರಿ" ಎಂದು ಮಡದಿ ಎಚ್ಚರಿಸುತ್ತಾಳೆ.

ಬಿಳಿ ಉಗುರಿನ ನಾಯಿಗಳಲ್ಲಿ ಈ ಜೀವ ಬೆಳಕಿಗೆ ಹಿಡಿದರೆ ನಸುಗೆಂಪಾಗಿ ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿದರೆ ಸಾಕು. ಕಪ್ಪು ಉಗುರಿನಲ್ಲಿ ಹೊರಗಿನಿಂದ ಏನೂ ಕಾಣದು. ಕತ್ತರಿಸಿದ ಮುಖವನ್ನೇ ಓದಬೇಕು. ತುದಿಯಿಂದ ಅಕ್ಕಿನುಚ್ಚಿನಷ್ಟೇ ತೆಗೆದು ನೋಡಬೇಕು. ಮೊದಲು ಸುಣ್ಣದಂತೆ ಒಣಗಿದ, ಪುಡಿಪುಡಿಯಾದ ಬಿಳಿಚು ಬಣ್ಣ ಕಾಣುತ್ತದೆ. ಇನ್ನಷ್ಟು ತೆಗೆದರೆ ನಡುವೆ ಬೂದುಬಣ್ಣ. ಆಮೇಲೆ ಕೇಂದ್ರದಲ್ಲಿ ಒಂದು ಗಾಢವಾದ, ಹಸಿಯಾಗಿ ಮಿನುಗುವ ಚುಕ್ಕೆ ಮೂಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಅದರ ಹಿಂದೆಯೇ ಜೀವ ಇದೆ. ತಾಳೆಗರಿಗಳನ್ನು ಓದಲು ನಾನು ಮೂವತ್ತು ವರ್ಷ ಬಳಸಿದ ಭೂತಗನ್ನಡಿ ಈ ಕೆಲಸಕ್ಕೆ ಬಹಳ ಒದಗಿತು. ಅಳಿಸಿದ ಅಕ್ಷರಕ್ಕಿಂತ ಈ ಚುಕ್ಕೆಯನ್ನು ಗುರುತಿಸುವುದು ಸುಲಭ, ಕುಳಿತ ಗ್ರಂಥ ಕಾಲೆಳೆದುಕೊಳ್ಳದಿದ್ದರೆ.

ಕಾಲೆಳೆದುಕೊಳ್ಳದಂತೆ ಮಾಡುವುದೇ ಮುಖ್ಯ ವಿದ್ಯೆ. ನಮ್ಮ ಮಠಕ್ಕೆ ಒಕ್ಕಲುತನವಿತ್ತು, ನಾಲ್ಕು ಜೊತೆ ಎತ್ತುಗಳಿದ್ದುವು. ಸುಗ್ಗಿ ಮುಗಿದ ಮೇಲೆ ನಾಲು ಹೊಡೆಯುವವನು ಬರುತ್ತಿದ್ದ. ಎತ್ತನ್ನು ಹಗ್ಗದಿಂದ ಬೀಳಿಸಿ, ನಾಲ್ಕು ಕಾಲು ಕೂಡಿಸಿ ಕಟ್ಟಿ, ಕತ್ತಿನ ಮೇಲೆ ಒಬ್ಬ ಕುಳಿತು, ಗೊರಸು ಕೆತ್ತಿ ಮೊಳೆ ಬಡಿಯುತ್ತಿದ್ದರು. ಕೆಲಸ ಚೊಕ್ಕಟವಾಗಿಯೇ ಆಗುತ್ತಿತ್ತು. ಎತ್ತು ಎದ್ದು ಮೈ ಕೊಡವಿ ನಡೆಯುತ್ತಿತ್ತು. ಆದರೆ ನಾಲು ಹೊಡೆಯುವವನು ಮಠದ ಅಗಸೆಯಲ್ಲಿ ಕಾಲಿಟ್ಟ ಕೂಡಲೇ ಗೋದಲಿಯಲ್ಲಿದ್ದ ಎಂಟೂ ಎತ್ತುಗಳು ಎದ್ದು ನಿಲ್ಲುತ್ತಿದ್ದುದನ್ನು ಹುಡುಗರಾದ ನಾವು ಕಂಡಿದ್ದೇವೆ. ವರ್ಷಕ್ಕೊಮ್ಮೆ ಎರಡು ಸಲ ನಡೆಯುವ ಕೆಲಸಕ್ಕೆ ಆ ರೀತಿ ಸಾಗೀತು. ನಾಯಿಯ ಉಗುರು ಹದಿನೈದು ದಿನಕ್ಕೊಮ್ಮೆ ಬರುವ ಕೆಲಸ; ಹದಿನೈದು ದಿನಕ್ಕೊಮ್ಮೆ ಯಾರನ್ನು ಕಟ್ಟಿಹಾಕಲು ಸಾಧ್ಯ?

ರಶಿಯದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಜೊಲ್ಲಿನ ಮೇಲೆ ಪ್ರಯೋಗ ಮಾಡಿದ್ದನ್ನು ಕೇಳಿದ್ದೀರಿ. ಆತನಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆದರೆ ಲೋಕದಲ್ಲಿ ಉಳಿದದ್ದು, ಒಂದು ಸದ್ದಿನ ಹಿಂದೆ ಆಹಾರ ಬಂದರೆ ನಾಯಿಗೆ ಆ ಸದ್ದೇ ಆಹಾರದ ಸೂಚನೆಯಾಗುತ್ತದೆ ಎಂಬ ಮಾತು. ಅಂಗಡಿಯಲ್ಲಿ ಕಾಳನಿಗೆ ಕತ್ತರಿಯ ಸದ್ದು ನೋವಿನ ಸೂಚನೆಯಾಗಿತ್ತು. ಅದನ್ನು ರೊಟ್ಟಿಯ ಸೂಚನೆಯಾಗಿ ಮಾರ್ಪಡಿಸಬೇಕಿತ್ತು. ನಾನು ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ಅಂಗಳದ ಜಮಖಾನೆಯ ಮೇಲೆ ಅವನ ಪಕ್ಕದಲ್ಲಿ ಕುಳಿತೆ. ಮೊದಲ ನಾಲ್ಕು ದಿನ ಹೆಗಲು ಮಾತ್ರ ಮುಟ್ಟಿದೆ. ಮುಟ್ಟಿದ ಕೂಡಲೇ ಜೋಳದ ರೊಟ್ಟಿಯ ಚೂರು. ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು. ಒಂಬತ್ತನೆಯ ದಿನ ಪಾದ. ಎಲ್ಲವೂ ಐದು ನಿಮಿಷ, ಆರನೆಯ ನಿಮಿಷವಿಲ್ಲ. ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ತೋರಿಸಿ ಓರೆಯಾಗಿ ನೋಡಿದರೆ, ಮೈ ಬಿಗಿದರೆ, ಅಂದಿನ ಪಾಠ ಅಲ್ಲಿಗೆ ಮುಗಿಯಿತು. ನಾಯಿಯ ಆಕಳಿಕೆ ಯಾವಾಗಲೂ ನಿದ್ದೆಯದಲ್ಲ, ಅನೇಕ ಸಲ ಭಯದ್ದು. ಇದು ನಾನು ಈ ವಯಸ್ಸಿನಲ್ಲಿ ಕಲಿತ ಹೊಸ ಭಾಷೆಯ ಮೊದಲ ಶಬ್ದ.

ತಿನ್ನಿಸುವ ವಸ್ತುವಿನ ಬಗ್ಗೆ ತಾಯಂದಿರಿಗೆ ಒಂದು ಎಚ್ಚರಿಕೆ. ವಿಜಯಪುರದ ಕಡೆಯ ಬಂಧುಗಳು ಪ್ರೀತಿಯಿಂದ ಕಳಿಸಿದ ಒಣದ್ರಾಕ್ಷಿಯ ಡಬ್ಬಿ ನಮ್ಮ ಮನೆಯಲ್ಲಿ ಸದಾ ಇರುತ್ತದೆ. ಅದನ್ನು ನಾಯಿಗೆ ಒಂದೂ ಕೊಡಕೂಡದು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಅದರಲ್ಲಿನ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯ ವಿಜ್ಞಾನಿಗಳು 2021ರಲ್ಲಿ ಸೂಚಿಸಿದ್ದಾರೆ. ಅದೇ ಆಮ್ಲವಿರುವ ಹುಣಿಸೆಯನ್ನೂ ದೂರವಿಡುವುದು ಲೇಸು. ಉಳ್ಳಾಗಡ್ಡಿ, ಚಾಕಲೇಟುಗಳೂ ವರ್ಜ್ಯ. ರೊಟ್ಟಿ, ಗಜ್ಜರಿ, ಸೌತೆಕಾಯಿ ಇವುಗಳಿಗೆ ದೋಷವಿಲ್ಲ.

ಮೂರನೆಯ ವಾರದಲ್ಲಿ ಕತ್ತರಿಯನ್ನು ತಂದು ಬರಿದೆ ನೆಲದ ಮೇಲಿಟ್ಟೆವು. ನಾಯಿಗಳಿಗೆಂದೇ ಮಾಡಿದ, ಕೊಕ್ಕಿನಂತಿರುವ ಕತ್ತರಿ ಸಿಗುತ್ತದೆ. ಮನುಷ್ಯರ ನೇಲ್‌ಕಟರ್ ದಪ್ಪ ಉಗುರನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಮಡದಿ ಒಣ ಶಾವಿಗೆಯನ್ನು ಕಾಳನ ಕಿವಿಯ ಹತ್ತಿರ ಕತ್ತರಿಯಿಂದ ಟಕ್ಕೆಂದು ಕತ್ತರಿಸುವಳು, ರೊಟ್ಟಿ ಕೊಡುವಳು. ಶಾವಿಗೆ ಅರ್ಧ ಸೇರು ಖರ್ಚಾಯಿತು. ಮೊಮ್ಮಗನಿಗೆ ಇದು ದೊಡ್ಡ ವಿನೋದ.

ಹತ್ತೊಂಬತ್ತನೆಯ ದಿನ ಮೊದಲ ಉಗುರು. ನಾಯಿಯ ಕಾಲನ್ನು ಪಕ್ಕಕ್ಕೆ ಎಳೆಯಬಾರದು. ಅದರ ಹೆಗಲಿನ ಸಂದು ಹಿಂದೆ ಮುಂದೆ ಆಡುವಂಥದು. ಕುದುರೆಗೆ ನಾಲು ಕಟ್ಟುವವರಂತೆ ಪಾದವನ್ನು ಹಿಂದಕ್ಕೆ ಮಡಿಸಿ ಅಂಗಾಲು ಮೇಲಾಗಿ ಹಿಡಿದರೆ ನೋವಿಲ್ಲ, ಉಗುರೂ ಚೆನ್ನಾಗಿ ಕಾಣುತ್ತದೆ, ನಾಯಿಗೆ ಕತ್ತರಿ ಕಾಣುವುದಿಲ್ಲ. ಬೆರಳನ್ನು ಮೃದುವಾಗಿ ಒತ್ತಿ ಹಿಡಿದು, ಅಕ್ಕಿನುಚ್ಚಿನಷ್ಟು ತೆಗೆದೆ. ರೊಟ್ಟಿ. ಮತ್ತೊಂದು ನುಚ್ಚು. ರೊಟ್ಟಿ. ಅಂದಿಗೆ ಅಷ್ಟೇ. ಸುತ್ತಿಕೊಂಡ ಉಗುರಿಗೆ ಕೈ ಹಾಕಿದ್ದು ಇಪ್ಪತ್ತೆರಡನೆಯ ದಿನ. ಕಡಲೆಕಾಳಿನಷ್ಟಿದ್ದ ಅಂತರ ಅಷ್ಟು ಹೊತ್ತಿಗೆ ಹೆಸರುಕಾಳಿನಷ್ಟಾಗಿತ್ತು. ಕತ್ತರಿಯ ಕೆಳದವಡೆ ಅದರಲ್ಲಿ ತೂರಲು ಅವಕಾಶ ಸಾಲದೆಂದು ತುದಿಯನ್ನು ಮಗ್ಗುಲಿನಿಂದ ಹಿಡಿದು ಚೂರುಚೂರಾಗಿ ತೆಗೆಯಬೇಕಾಯಿತು. ಮಡದಿ ಎದುರಿಗೆ ಕುಳಿತು ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡಿದ್ದಳು. ನಾಲ್ಕು ದಿನ, ನಾಲ್ಕು ಕೂತ. ನಾಲ್ಕನೆಯ ದಿನ ಕೊಕ್ಕೆಯ ತುದಿ ಕಿತ್ತು ಜಮಖಾನೆಯ ಮೇಲೆ ಬಿತ್ತು. ಚರ್ಮದ ಮೇಲೆ ಕೂದಲುದುರಿದ ಒಂದು ಗುಳಿ ಮಾತ್ರ ಉಳಿದಿತ್ತು, ಗಾಯವಿರಲಿಲ್ಲ. ವೈದ್ಯರು ಕೊಟ್ಟ ತಿಂಗಳಲ್ಲಿ ಇನ್ನೂ ಐದು ದಿನ ಉಳಿದಿದ್ದುವು.

ನೆರೆಮನೆಯ ಹಿರಿಯಜ್ಜಿ ಅಂದು ಶುಕ್ರವಾರವೆಂದು ಆಕ್ಷೇಪಿಸಿದರು. ಮಂಗಳವಾರ, ಶುಕ್ರವಾರಗಳ ನಿಷೇಧ ನಾಯಿಗೂ ಅನ್ವಯಿಸುವುದೆ ಎಂಬುದಕ್ಕೆ ನನ್ನಲ್ಲಿ ಆಧಾರಗ್ರಂಥವಿಲ್ಲ. ಆದರೆ ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂಬ ಮಾತನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಕಪ್ಪು ಉಗುರಿನ ಜೀವ ಹಗಲಿನ ಬೆಳಕಿಗಲ್ಲದೆ ಕಾಣದು.

ರಕ್ತ ಬಂದರೆ ಏನು ಮಾಡಬೇಕೆಂಬುದನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ರಕ್ತ ನಿಲ್ಲಿಸುವ ಪುಡಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಕ್ಷೌರಿಕರು ಬಳಸುವ ಪಟಿಕದ ಪುಡಿ, ಅದೂ ಇಲ್ಲದಿದ್ದರೆ ಮೆಕ್ಕೆಜೋಳದ ನುಣುಪು ಹಿಟ್ಟು. ತುದಿಗೆ ಒತ್ತಿ ಕೆಲವು ನಿಮಿಷ ಬಿಡದೆ ಹಿಡಿಯಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು. ಹತ್ತು ಹದಿನೈದು ನಿಮಿಷಕ್ಕೂ ನಿಲ್ಲದಿದ್ದರೆ ವೈದ್ಯರಲ್ಲಿಗೆ. ನಮ್ಮ ಪಟಿಕದ ಡಬ್ಬಿಯ ಮುಚ್ಚಳ ಇನ್ನೂ ತೆರೆದಿಲ್ಲ. ಇನ್ನು, ನಾಯಿಗೆ ಹುಚ್ಚುರೋಗದ ಲಸಿಕೆ ವರ್ಷ ವರ್ಷ ತಪ್ಪಬಾರದು. ಹಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು; ಮನೆಯ ನಾಯಿಯಲ್ಲವೆ ಎಂಬ ದಾಕ್ಷಿಣ್ಯ ಸಲ್ಲದು.

ಉದ್ದ ಬೆಳೆದ ಉಗುರಿನೊಳಗೆ ಜೀವವೂ ಉದ್ದಕ್ಕೆ ಬೆಳೆದಿರುತ್ತದೆ. ಆದಕಾರಣ ಒಂದೇ ಸಲ ಗಿಡ್ಡ ಮಾಡಲಾಗದು. ವಾರಕ್ಕೊಮ್ಮೆ ತುಸು ತುಸು ತೆಗೆಯುತ್ತ ಹೋದರೆ ಜೀವವು ತಾನಾಗಿ ಹಿಂದೆ ಸರಿಯುತ್ತದೆ. ಕಾಳನ ಉಗುರು ನೆಲ ಬಿಡಲು ಮೂರು ತಿಂಗಳು ಹಿಡಿಯಿತು. ಪಡಸಾಲೆಯ ಟಕಟಕ ಮೆಲ್ಲಮೆಲ್ಲನೆ ಕಡಿಮೆಯಾಗಿ ಒಂದು ದಿನ ಇಲ್ಲವಾಯಿತು. ಜಾರುವುದು ಪೂರ್ತಿ ನಿಲ್ಲಲಿಲ್ಲ, ಸಂದುನೋವು ಇದ್ದೇ ಇದೆ. ಆದರೆ ಮೂರು ಮೆಟ್ಟಿಲು ಹತ್ತುತ್ತಾನೆ.

ದೀಪಾವಳಿಗೆ ತಮ್ಮನ ಮಡದಿ ಬಂದಳು. ಬೆಳಿಗ್ಗೆ ನಾನು ಜಮಖಾನೆ ಹಾಸಿದೊಡನೆ ಕಾಳ ಬಂದು ಬಲಮಗ್ಗುಲಿಗೆ ಒರಗಿ, ಎಡ ಮುಂಗಾಲನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟ. ಎರಡನೆಯ ವಾರದಿಂದಲೂ ಅವನ ಕ್ರಮ ಇದೇ. ಬೇರೆ ಕಾಲನ್ನು ಮೊದಲು ಕೊಟ್ಟವನಲ್ಲ. ಪಾಠ ಫಲಿಸಿತೆಂದು ನಾವು ತಿಳಿದಿದ್ದೆವು. ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ತೋಟದ ದಾರಿಯಲ್ಲಿ ಜಾಲಿಮುಳ್ಳು ಬಹಳ, ರಾತ್ರಿ ಉಂಡ ಮೇಲೆ ಕಟ್ಟೆಯ ಮೇಲೆ ಕುಳಿತು ಇವನ ಕಾಲಿನ ಮುಳ್ಳು ತೆಗೆಯುವುದು ಅವರ ನಿತ್ಯದ ಕೆಲಸವಾಗಿತ್ತು, ಅಲ್ಲಿಯೂ ಹೀಗೆಯೇ ಒರಗಿ ಎಡಗಾಲನ್ನೇ ಮೊದಲು ಕೊಡುತ್ತಿದ್ದ ಎಂದಳು. ಆಮೇಲೆ ನನ್ನ ಮಡದಿಯ ಕೈಯಿಂದ ರೊಟ್ಟಿಯ ತಟ್ಟೆಯನ್ನು ತೆಗೆದುಕೊಂಡು ತಾನೇ ಎದುರಿಗೆ ಕುಳಿತಳು. ಅಂದು ಮುಂಗಾಲಿನ ಹತ್ತೂ ಉಗುರು ಮುಗಿದುವು. ಈಗ ಪ್ರತಿ ಭಾನುವಾರ ದೂರವಾಣಿಯಲ್ಲಿ ಅವಳ ಮೊದಲ ಪ್ರಶ್ನೆ, ಎಷ್ಟು ಉಗುರು ಆದುವು ಎಂದು.

ಈ ವಾರ ಹಿಂಗಾಲಿನವು ಎಂಟು ಬಾಕಿ ಇವೆ.